ಹಳೆಯ ಮರ-ಕ್ಯಾನ್ವಾಸ್ ಕೆನೂಗಳ ಗುರುತು, ದುರಸ್ತಿ ಮತ್ತು ಬಳಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಮೇಯ್ನ್, ನ್ಯೂಯಾರ್ಕ್ ಮತ್ತು ಮ್ಯಾಸಚೂಸೆಟ್ಸ್ ರಾಜ್ಯಗಳಲ್ಲಿ, ಹಾಗೆಯೇ ಕೆನಡಾದ ಒಂಟಾರಿಯೊ ಮತ್ತು ನ್ಯೂ ಬ್ರನ್ಸ್‌ವಿಕ್ ಪ್ರಾಂತಗಳಲ್ಲಿ ಹಳೆಯ ಮನೆಯೊಂದನ್ನು ಕೊಂಡವರಿಗೆ ಕೆಲವೊಮ್ಮೆ ಅದರ ಗ್ಯಾರೇಜಿನ ಜಂತೆಗೆ ತೂಗುಹಾಕಿದ, ಬಣ್ಣ ಸುಲಿದ ಕೆನೂ (ಹುಟ್ಟು ಹಾಕಿ ಸಾಗಿಸುವ ಕಿರಿದಾದ ಉದ್ದ ದೋಣಿ) ಒಂದು ಮನೆಯ ಜೊತೆಗೇ ಬರುವುದುಂಟು. ಅಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಸರೋವರದ ದಡದ ಮನೆ ಕೊಂಡವರಿಗೂ ಈ ಅನುಭವ ಹೊಸದೇನಲ್ಲ. ಅದು ಯಾರು ಮಾಡಿದ್ದು, ಎಷ್ಟು ಹಳೆಯದು, ನೀರಿಗಿಳಿಸಬಹುದೇ ಎಂಬ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಓದುಗರಲ್ಲಿ ಮೊದಲೇ ಒಂದು ವಿನಂತಿ: ದೋಣಿಯ ಗುರುತು ಪತ್ತೆಯಾಗುವ ತನಕ ಉಜ್ಜುವ ಕಾಗದವನ್ನೂ ಬಣ್ಣದ ಡಬ್ಬವನ್ನೂ ದೂರವಿಡಿ.

ಮರ-ಕ್ಯಾನ್ವಾಸ್ ಕೆನೂ ಎಂದರೆ ನಿಖರವಾಗಿ ಏನು?

ತುಂಗಭದ್ರೆಯ ಹರಿಗೋಲನ್ನು ಕಂಡವರಿಗೆ ಹಂದರ ಹೆಣೆದು ಅದಕ್ಕೆ ನೀರು ತಡೆಯುವ ಹೊದಿಕೆ ಹಾಕುವ ವಿಧಾನ ಪರಿಚಿತವೇ. ಆದರೆ ಈ ಕೆನೂಗಳಲ್ಲಿ ಹಂದರಕ್ಕೂ ಹೊದಿಕೆಗೂ ನಡುವೆ ತೆಳು ಹಲಗೆಗಳ ಪೂರ್ಣ ಒಡಲೇ ಇರುತ್ತದೆ. ಬಿಳಿ ಸೀಡರ್ ಮರದ, ಸುಮಾರು ಎಂಟು ಮಿಲಿಮೀಟರ್ ದಪ್ಪದ ಪಟ್ಟಿಗಳನ್ನು ಹಬೆಯಲ್ಲಿ ಬೇಯಿಸಿ, ಮಗುಚಿ ಹಾಕಿದ ಅಚ್ಚಿನ ಮೇಲೆ ಬಗ್ಗಿಸಿ ಪಕ್ಕೆಲುಬುಗಳನ್ನು ಮಾಡುತ್ತಾರೆ. ಅವುಗಳ ಮೇಲೆ ಉದ್ದುದ್ದಕ್ಕೆ ಸುಮಾರು ನಾಲ್ಕು ಮಿಲಿಮೀಟರ್ ದಪ್ಪದ ಸೀಡರ್ ಹಲಗೆಗಳನ್ನು ಹಿತ್ತಾಳೆಯ ಸಣ್ಣ ಮೊಳೆಗಳಿಂದ ಬಿಗಿಯುತ್ತಾರೆ. ಅಚ್ಚಿನಲ್ಲಿ ಪ್ರತಿಯೊಂದು ಪಕ್ಕೆಲುಬು ಕೂರುವ ಜಾಗಕ್ಕೂ ಲೋಹದ ಪಟ್ಟಿಯೊಂದನ್ನು ಹೊಡೆದಿರುವುದರಿಂದ, ಹಲಗೆಯನ್ನೂ ಪಕ್ಕೆಲುಬನ್ನೂ ದಾಟಿ ಬಂದ ಮೊಳೆಯ ತುದಿ ಆ ಲೋಹಕ್ಕೆ ತಾಗಿ ಕೊಕ್ಕೆಯಂತೆ ತಿರುಗಿ ಮತ್ತೆ ಮರದೊಳಗೇ ಸೇರುತ್ತದೆ. ಈ ಕಾರಣದಿಂದ ಅಂಟಿನ ಅಗತ್ಯವೇ ಬೀಳುವುದಿಲ್ಲ.

ಹಲಗೆಗಳ ನಡುವಿನ ಸಂದುಗಳು ನೀರನ್ನು ತಡೆಯುವುದಿಲ್ಲ. ಆ ಕೆಲಸ ಕ್ಯಾನ್ವಾಸಿನದು. ಹತ್ತಿಯ ದಪ್ಪ ಬಟ್ಟೆಯನ್ನು ಒಡಲಿನ ಮೇಲೆ ಬಿಗಿಯಾಗಿ ಎಳೆದು, ಅದರ ನೇಯ್ಗೆಯನ್ನು ಅಗಸೆ ಎಣ್ಣೆ ಮತ್ತು ಸಿಲಿಕಾ ಪುಡಿ ಬೆರೆಸಿದ ಫಿಲ್ಲರ್‌ನಿಂದ ತುಂಬಿಸಿ, ಒಣಗಿದ ಮೇಲೆ ಬಣ್ಣ ಹಚ್ಚುತ್ತಾರೆ. ಮರ ಆಕಾರ ಮತ್ತು ಬಲ ಕೊಡುತ್ತದೆ, ಬಟ್ಟೆ ನೀರು ತಡೆಯುತ್ತದೆ. ಬಟ್ಟೆ ಹಾಳಾದರೆ ಬೇರೆ ಹಾಕಬಹುದು. ನೂರು ವರ್ಷದ ದೋಣಿಗಳು ಇಂದಿಗೂ ತೇಲುತ್ತಿರುವುದಕ್ಕೆ ಕೆಲಸದ ಈ ಹಂಚಿಕೆಯೇ ಮುಖ್ಯ ಕಾರಣ.

ಇವು ಎಲ್ಲಿ, ಯಾವಾಗ ಹುಟ್ಟಿದವು?

ಮೇಯ್ನ್ ರಾಜ್ಯದ ಪೆನೊಬ್‌ಸ್ಕಾಟ್ ನದಿಯ ದಂಡೆಯಲ್ಲಿ, ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ. ಆ ನದಿಯ ಪೆನೊಬ್‌ಸ್ಕಾಟ್ ಮೂಲನಿವಾಸಿಗಳು ಭೂರ್ಜ ಮರದ ತೊಗಟೆಯಿಂದ ಕೆನೂ ಕಟ್ಟುವುದರಲ್ಲಿ ನಿಪುಣರಾಗಿದ್ದರು. ಕ್ಯಾನ್ವಾಸ್ ಕೆನೂಗಳ ಆಕಾರ ಮತ್ತು ಪಕ್ಕೆಲುಬುಗಳ ಜೋಡಣೆ ನೇರವಾಗಿ ಅವರ ಕೌಶಲದಿಂದ ಬಂದವು. ಒಳ್ಳೆಯ ದೊಡ್ಡ ತೊಗಟೆ ಸಿಗುವುದು ಕಷ್ಟವಾದಂತೆ ಅದರ ಜಾಗಕ್ಕೆ ಬಟ್ಟೆ ಬಂತು. ಬ್ಯಾಂಗೋರ್ ಪಟ್ಟಣದ ಇವಾನ್ ಗೆರಿಶ್ ಎಂಬವರು 1870ರ ದಶಕದಲ್ಲಿ ಇದನ್ನು ವ್ಯಾಪಾರವಾಗಿ ಆರಂಭಿಸಿದ ಮೊದಲಿಗರೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಅದೇ ನದಿಗುಂಟ ಇ. ಎಂ. ವೈಟ್, ವೀಝಿ ಊರಿನ ಬಿ. ಎನ್. ಮೋರಿಸ್, ಮತ್ತು ಶತಮಾನದ ತಿರುವಿನಲ್ಲಿ ಓಲ್ಡ್ ಟೌನ್ ಕೆನೂ ಕಂಪನಿ ಬೆಳೆದವು. ಕೆನಡಾದಲ್ಲಿ ಫ್ರೆಡೆರಿಕ್ಟನ್ನಿನ ಚೆಸ್ಟ್‌ನಟ್ ಕಂಪನಿ ಈ ವಿಧಾನವನ್ನು ದೊಡ್ಡ ಉದ್ಯಮವಾಗಿಸಿತು. ಎರಡನೆಯ ಮಹಾಯುದ್ಧದ ನಂತರ ವಿಮಾನ ತಯಾರಿಸುತ್ತಿದ್ದ ಗ್ರಮ್ಮನ್ ಸಂಸ್ಥೆ ಅಲ್ಯುಮಿನಿಯಂ ಕೆನೂಗಳನ್ನು ಮಾರುಕಟ್ಟೆಗೆ ತಂದಿತು, ಆಮೇಲೆ ಫೈಬರ್‌ಗ್ಲಾಸ್ ಬಂತು. ಮರದ ದೋಣಿಗಳ ಬೇಡಿಕೆ ಕುಸಿಯಿತು. ಚೆಸ್ಟ್‌ನಟ್ 1970ರ ದಶಕದ ಕೊನೆಯಲ್ಲಿ ಬಾಗಿಲು ಹಾಕಿತು.

ನನ್ನ ದೋಣಿ ನಿಜವಾಗಿಯೂ ಈ ಬಗೆಯದೇ ಎಂದು ಹೇಗೆ ತಿಳಿಯುವುದು?

ಒಳಗೆ ಬಗ್ಗಿ ನೋಡಿ. ಅಗಲವಾದ ಪಕ್ಕೆಲುಬುಗಳು, ಅವುಗಳ ಮೇಲೆ ಸಾಲುಸಾಲಾಗಿ ಮಡಚಿದ ಮೊಳೆತುದಿಗಳು ಕಂಡರೆ ದೋಣಿ ಬಹುಪಾಲು ಈ ಬಗೆಯದೇ. ಒಂಟಾರಿಯೊದ ಪೀಟರ್‌ಬರೊ ಪಟ್ಟಣದಲ್ಲಿ ಬಟ್ಟೆಯೇ ಇಲ್ಲದ, ಹಲಗೆಗಳನ್ನು ಒಂದಕ್ಕೊಂದು ಬಿಗಿಯಾಗಿ ಕೂಡಿಸಿದ ಶುದ್ಧ ಮರದ ಕೆನೂಗಳೂ ತಯಾರಾಗುತ್ತಿದ್ದವು. ಅವುಗಳ ಹೊರಮೈ ಬಣ್ಣದ ಬದಲು ಸಾಮಾನ್ಯವಾಗಿ ವಾರ್ನಿಷಿನಿಂದ ಹೊಳೆಯುತ್ತದೆ. ಹೊರಗೆ ಬಣ್ಣ ಕಿತ್ತ ಜಾಗದಲ್ಲಿ ಹತ್ತಿಯ ನೇಯ್ಗೆ ಕಂಡರೆ ಕ್ಯಾನ್ವಾಸ್, ಗಾಜಿನಂತೆ ಪಾರದರ್ಶಕವಾದ ಗಟ್ಟಿ ಪದರ ಕಂಡರೆ ಯಾರೋ ನಂತರ ಫೈಬರ್‌ಗ್ಲಾಸ್ ಹಚ್ಚಿದ್ದಾರೆ.

ಹೆಸರಿನ ಫಲಕವಾಗಲಿ ಚೀಟಿಯಾಗಲಿ ಇಲ್ಲ. ಗುರುತು ಹಿಡಿಯುವುದನ್ನು ಎಲ್ಲಿಂದ ಆರಂಭಿಸಬೇಕು?

ದೋಣಿಯ ಬಹಳಷ್ಟು ಭಾಗಗಳು ಒಡೆಯರಿಂದ ಒಡೆಯರಿಗೆ ಬದಲಾಗುತ್ತಾ ಬಂದಿರುತ್ತವೆ. ಬಣ್ಣ, ಕ್ಯಾನ್ವಾಸ್, ಆಸನದ ಬೆತ್ತ, ಹೊರ ಅಂಚುಪಟ್ಟಿ, ತಳದ ಹೊರಗೆ ಉದ್ದಕ್ಕೆ ಹೊಡೆದ ಕೀಲ್ ಪಟ್ಟಿ ಇವೆಲ್ಲ ಹೋಗುವ ಬರುವ ವಸ್ತುಗಳು. ತಯಾರಕನ ಕೈಯ ಗುರುತು ಉಳಿಯುವುದು ಸುಲಭವಾಗಿ ಬಿಚ್ಚಲಾಗದ ಭಾಗಗಳಲ್ಲಿ. ಎರಡು ತುದಿಗಳಲ್ಲಿ ಒಡಲು ಕೂಡುವ ಬಾಗಿದ ಮರ, ಅಂದರೆ ಸ್ಟೆಮ್, ಅವುಗಳಲ್ಲಿ ಮೊದಲನೆಯದು.

ಸ್ಟೆಮ್ ದೋಣಿಯ ನೆಲಕ್ಕೆ ಬಂದು ಸೇರುವ ಜಾಗದಲ್ಲಿ ಅದರ ಮೇಲ್ಮೈಯನ್ನು ಟಾರ್ಚ್ ಬೆಳಕಿನಲ್ಲಿ ನೋಡಬೇಕು. ಬೆಳಕನ್ನು ನೇರವಾಗಿ ಬಿಡದೆ ಪಕ್ಕದಿಂದ ಓರೆಯಾಗಿ ಬಿಟ್ಟರೆ ವಾರ್ನಿಷಿನ ಅಡಿಯಲ್ಲಿ ಮುಚ್ಚಿಹೋದ ಅಂಕಿಗಳು ನೆರಳಿನಿಂದ ಎದ್ದು ಕಾಣುತ್ತವೆ. ಕೊಳೆಯನ್ನು ಮೆತ್ತನೆಯ ಬ್ರಷ್‌ನಿಂದ ತೆಗೆಯಿರಿ; ತೆಳು ಕಾಗದವನ್ನಿಟ್ಟು ಪೆನ್ಸಿಲ್ಲಿನಿಂದ ಉಜ್ಜಿ ಅಚ್ಚು ತೆಗೆಯುವುದೂ ಒಳ್ಳೆಯ ಉಪಾಯ. ಅಂಕಿ ಬೇಗ ಕಾಣಲೆಂದು ಮರವನ್ನೇ ಉಜ್ಜಿ ಸವೆಸಿದ ದೋಣಿಗಳು ಬೇಕಾದಷ್ಟಿವೆ, ಅಂಥವುಗಳ ಮುಂದೆ ಪರಿಣತರೂ ಕೈಚೆಲ್ಲುತ್ತಾರೆ. ಎರಡೂ ತುದಿಗಳನ್ನು ನೋಡಲೇಬೇಕು, ಏಕೆಂದರೆ ಒಂದು ತುದಿ ಕೊಳೆತು ದುರಸ್ತಿಯಾಗಿದ್ದರೂ ಇನ್ನೊಂದರಲ್ಲಿ ಸಂಖ್ಯೆ ಉಳಿದಿರಬಹುದು.

ನಂತರ ಡೆಕ್‌ಗಳತ್ತ ಬನ್ನಿ. ತುದಿಗಳಲ್ಲಿ ಕೂರಿಸಿದ ಈ ತ್ರಿಕೋನ ಮರದ ತುಂಡಿನ ಒಳ ಅಂಚು ಕೆಲವರ ದೋಣಿಗಳಲ್ಲಿ ಹೃದಯದ ಆಕಾರ, ಕೆಲವರದರಲ್ಲಿ ಸರಳ ಕಮಾನು. ಆಮೇಲೆ ಪಕ್ಕೆಲುಬಿನ ಅಗಲ, ಅವುಗಳ ನಡುವಿನ ಅಂತರ, ಅವು ಮೇಲಕ್ಕೆ ಹೋದಂತೆ ಕಿರಿದಾಗುತ್ತವೆಯೇ ಎಂಬುದು, ಅಂಚುಗಳನ್ನು ಸವರಿರುವ ರೀತಿ, ಅಡ್ಡಪಟ್ಟಿಗಳ ಆಕಾರ, ಬೋಲ್ಟುಗಳ ತಲೆ. ಈ ವಿವರಗಳನ್ನು ಅಳತೆಪಟ್ಟಿ ಇಟ್ಟು ಬರೆದುಕೊಂಡು, ಪ್ರತಿಯೊಂದರ ಚಿತ್ರ ತೆಗೆದಿಡಿ. ಯಾವುದೇ ಒಂದು ಲಕ್ಷಣದ ಮೇಲೆ ತೀರ್ಪು ಕೊಡಬಾರದು: ಮೇಯ್ನ್ ತಯಾರಕರು ಒಬ್ಬರ ಬಳಿ ಕಲಿತು ಇನ್ನೊಬ್ಬರ ಬಳಿ ದುಡಿದವರು, ಒಬ್ಬರ ವಿನ್ಯಾಸ ಮತ್ತೊಬ್ಬರ ಅಚ್ಚಿನಲ್ಲಿ ಇಣುಕುವುದು ಸಹಜ.

ಸ್ಟೆಮ್ ಮೇಲೆ ಸಂಖ್ಯೆ ಸಿಕ್ಕಿದೆ. ಅದರಿಂದ ಏನು ತಿಳಿಯುತ್ತದೆ?

ಹಲವು ಅಂಕಿಗಳ ಒಂದು ಸಂಖ್ಯೆ, ಸ್ವಲ್ಪ ಜಾಗ ಬಿಟ್ಟು 15, 16, 17, 18 ಎಂಬಂಥ ಎರಡಂಕಿಯ ಇನ್ನೊಂದು ಸಂಖ್ಯೆ ಇದ್ದರೆ, ದೋಣಿ ಓಲ್ಡ್ ಟೌನ್ ಕಂಪನಿಯದೋ ಅದರೊಂದಿಗೆ ಸೇರಿಹೋದ ಕಾರ್ಲ್‌ಟನ್‌ನದೋ ಆಗಿರುವ ಸಾಧ್ಯತೆ ಹೆಚ್ಚು. ಎರಡನೆಯ ಸಂಖ್ಯೆ ಅಡಿಗಳಲ್ಲಿ ದೋಣಿಯ ಉದ್ದ. ಪಟ್ಟಿ ಹಿಡಿದು ಅಳೆದಾಗ ಉದ್ದ ಅದಕ್ಕೆ ಹೊಂದಬೇಕು. ಹೊಂದದಿದ್ದರೆ ಅಂಕಿಯನ್ನು ತಪ್ಪಾಗಿ ಓದಿದ್ದೀರಿ, ಇಲ್ಲವೇ ದೋಣಿ ಬೇರೆಯವರದು.

ಓಲ್ಡ್ ಟೌನ್ ಕಂಪನಿ ತಾನು ಕಟ್ಟಿದ ಪ್ರತಿ ದೋಣಿಗೂ ಒಂದು ಚೀಟಿ ಬರೆದಿಟ್ಟಿತ್ತು, ಆ ಚೀಟಿಗಳು ಬಹುಮಟ್ಟಿಗೆ ಉಳಿದುಬಂದಿವೆ ಎಂಬುದು ಈ ಹವ್ಯಾಸದವರ ಭಾಗ್ಯ. ಮಾದರಿ, ಉದ್ದ, ದರ್ಜೆ, ಹಲಗೆ ಮತ್ತು ಅಂಚುಪಟ್ಟಿಯ ಮರ, ಕಾರ್ಖಾನೆಯಿಂದ ಹೊರಟಾಗಿನ ಬಣ್ಣ, ಸಾಗಿಸಿದ ದಿನ, ಸಾಗಿಸಿದ ಊರು, ಕೆಲವೊಮ್ಮೆ ನಂತರ ದುರಸ್ತಿಗೆ ಮರಳಿ ಬಂದ ವಿವರವೂ ಅವುಗಳಲ್ಲಿರುತ್ತದೆ. 1979ರಲ್ಲಿ ಸ್ಥಾಪನೆಯಾದ ವುಡನ್ ಕೆನೂ ಹೆರಿಟೇಜ್ ಅಸೋಸಿಯೇಷನ್ ಎಂಬ ಸಂಘದವರು ಈ ಚೀಟಿಗಳ ಗಣಕೀಕೃತ ಪ್ರತಿಗಳಲ್ಲಿ ಹುಡುಕಿ ಕೊಡುತ್ತಾರೆ. ವಾಟರ್‌ವಿಲ್ ಪಟ್ಟಣದ ಕೆನೆಬೆಕ್ ಕಂಪನಿಯ ದಾಖಲೆಗಳೂ ಉಳಿದಿವೆ. ಚೀಟಿಯಲ್ಲಿ "ಕಡುಹಸಿರು" ಎಂದಿದ್ದು ನಿಮ್ಮ ದೋಣಿ ಕೆಂಪಾಗಿದ್ದರೆ ಗಾಬರಿಯಾಗಬೇಕಿಲ್ಲ. ಮರದ ಜಾತಿ ಮತ್ತು ಡೆಕ್‌ನ ವಿವರ ತಾಳೆಯಾದರೆ ಸಾಕು.

ಮೋರಿಸ್ ದೋಣಿಗಳಿಗೆ ಇಂಥ ದಾಖಲೆ ಇಲ್ಲವೇ?

ಇಲ್ಲ. 1920ರ ಆಸುಪಾಸಿನಲ್ಲಿ ವೀಝಿಯ ಕಾರ್ಖಾನೆ ಬೆಂಕಿಗೆ ಆಹುತಿಯಾಯಿತು, ದೊಡ್ಡ ಪ್ರಮಾಣದ ತಯಾರಿಕೆಯೂ ಅಲ್ಲಿಗೆ ಮುಗಿಯಿತು. ಆದರೂ ಮೋರಿಸ್ ದೋಣಿಯನ್ನು ಗುರುತಿಸುವುದು ಅಷ್ಟೇನೂ ಕಷ್ಟವಲ್ಲ. ಸಂಖ್ಯೆಯನ್ನು ಸ್ಟೆಮ್ ಮೇಲೆ ಒತ್ತುವ ಬದಲು ಮುಂತುದಿಯ ಒಳ ಅಂಚುಪಟ್ಟಿಗೆ ಚಿಕ್ಕ ಲೋಹದ ತಗಡಿನಲ್ಲಿ ಹೊಡೆಯುತ್ತಿದ್ದರು. ತಗಡು ಬಿದ್ದುಹೋಗಿದ್ದರೂ ಅದರ ಮೊಳೆಗಳ ತೂತುಗಳು ಉಳಿದಿರುತ್ತವೆ, ಅವನ್ನು ಮರದ ಪುಡಿಯಿಂದ ಮುಚ್ಚಬೇಡಿ. ಇದಕ್ಕಿಂತ ಗಟ್ಟಿ ಸಾಕ್ಷಿ ಸ್ಟೆಮ್: ಮೋರಿಸ್ ದೋಣಿಗಳಲ್ಲಿ ಅದು ದೋಣಿಯ ನೆಲದ ಮೇಲೆ ಅಗಲವಾಗಿ ಹರಡಿಕೊಂಡು ಕೂರುತ್ತದೆ. ಇದಕ್ಕೆ ಹೃದಯಾಕಾರದ ಡೆಕ್ ಕೂಡಿದರೆ ಅನುಮಾನಕ್ಕೆ ಎಡೆ ಕಡಿಮೆ. ನನ್ನ ಅಭಿಪ್ರಾಯದಲ್ಲಿ ಮೇಯ್ನ್‌ನ ಕಾರ್ಖಾನೆ ದೋಣಿಗಳಲ್ಲಿ ಇಷ್ಟು ನಾಜೂಕಾದ ಗೆರೆಯ ದೋಣಿ ಇನ್ನೊಂದಿಲ್ಲ, ಆದರೆ ಈ ಮಾತನ್ನು ವೈಟ್ ದೋಣಿಯ ಒಡೆಯರ ಎದುರು ಆಡಬಾರದು.

ಡೆಕ್ ಮೇಲೆ ಪೀಟರ್‌ಬರೊ ಎಂಬ ಚೀಟಿ ಇದೆ. ಅಷ್ಟು ಸಾಕಲ್ಲವೇ?

ಸಾಲದು. 1920ರ ದಶಕದಲ್ಲಿ ಚೆಸ್ಟ್‌ನಟ್, ಪೀಟರ್‌ಬರೊ ಮತ್ತು ಕೆನೇಡಿಯನ್ ಕೆನೂ ಕಂಪನಿಗಳು ಒಂದೇ ಒಡೆತನದ ಅಡಿಯಲ್ಲಿ ಬಂದವು, ಆದರೆ ಹೊರಗೆ ಬೇರೆ ಬೇರೆ ಹೆಸರಿನಲ್ಲೇ ಮಾರಾಟ ಮುಂದುವರಿಯಿತು. ಹೀಗಾಗಿ ಫ್ರೆಡೆರಿಕ್ಟನ್ನಿನ ಕೆಲಸದ ಲಕ್ಷಣಗಳೆಲ್ಲ ಇರುವ ಕ್ಯಾನ್ವಾಸ್ ಕೆನೂ ಒಂದರ ಮೇಲೆ ಪೀಟರ್‌ಬರೊ ಚೀಟಿ ಕಂಡರೆ ಅದನ್ನು ನಕಲಿ ಎನ್ನಲಾಗದು. ಅಮೆರಿಕದಲ್ಲೂ ಕ್ರೀಡಾ ಸಾಮಗ್ರಿಯ ಅಂಗಡಿಗಳು ತಯಾರಕನ ದೋಣಿಗೆ ತಮ್ಮದೇ ಫಲಕ ಹೊಡೆದು ಮಾರುತ್ತಿದ್ದವು. ಚೀಟಿ ಮಾರಿದವನ ಹೆಸರನ್ನು ಹೇಳುತ್ತದೆ, ಕಟ್ಟಿದವನನ್ನು ಮರದ ಕೆಲಸದಲ್ಲಿ ಹುಡುಕಬೇಕು.

ಸಂಖ್ಯೆ ಇಲ್ಲದಿದ್ದರೆ ಕಾಲವನ್ನು ಅಂದಾಜು ಮಾಡುವುದು ಹೇಗೆ?

ದೋಣಿಯ ಮೇಲಂಚನ್ನು ನೋಡಿ. ಪಕ್ಕೆಲುಬುಗಳ ತುದಿಗಳನ್ನು ಒಂದು ತೆಳು ಮರದ ಪಟ್ಟಿ ಮೇಲಿನಿಂದ ಪೂರ್ತಿ ಮುಚ್ಚಿದ್ದರೆ ಅದು ಹಳೆಯ, ಮುಚ್ಚಿದ ಅಂಚಿನ ರೀತಿ. ಒಳ ಮತ್ತು ಹೊರ ಪಟ್ಟಿಗಳ ನಡುವೆ ಪಕ್ಕೆಲುಬುಗಳ ತುದಿ ಕಾಣುವಂತೆ ತೆರೆದ ಕಂಡಿಗಳಿದ್ದರೆ ಅದು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಬಳಕೆಗೆ ಬಂದು ಕ್ರಮೇಣ ಎಲ್ಲೆಡೆ ಹರಡಿದ ರೀತಿ. ಬದಲಾವಣೆಗೆ ಒಳ್ಳೆಯ ಕಾರಣವಿತ್ತು: ಮುಚ್ಚಿದ ಅಂಚಿನೊಳಗೆ ನೀರು ನಿಂತು ಪಕ್ಕೆಲುಬಿನ ತುದಿಗಳು ಕೊಳೆಯುತ್ತಿದ್ದವು, ತೆರೆದ ಅಂಚಿನ ದೋಣಿಯನ್ನು ಮಗುಚಿದರೆ ನೀರೆಲ್ಲ ಹರಿದುಹೋಗುತ್ತದೆ. ಎರಡೂ ರೀತಿಗಳು ಕೆಲಕಾಲ ಜೊತೆಜೊತೆಗೆ ನಡೆದುದರಿಂದ ಇದರಿಂದ ದಶಕ ಸಿಗುತ್ತದೆಯೇ ಹೊರತು ವರ್ಷ ಸಿಗುವುದಿಲ್ಲ. ಇನ್ನೊಂದು ಕಡೆಯಿಂದ ಖಚಿತ ಗಡಿಯೊಂದಿದೆ: ಅಮೆರಿಕದಲ್ಲಿ 1972ರ ಕೊನೆಯಿಂದ ದೋಣಿಗಳ ಒಡಲಿಗೆ ಹನ್ನೆರಡು ಅಕ್ಷರ-ಅಂಕಿಗಳ ಗುರುತು ಸಂಖ್ಯೆ ಕಡ್ಡಾಯವಾಯಿತು, ಆದ್ದರಿಂದ ಕಾರ್ಖಾನೆಯೇ ಅಂಥ ಸಂಖ್ಯೆ ಹಾಕಿದ್ದರೆ ದೋಣಿ ಅದಕ್ಕಿಂತ ಹಳೆಯದಲ್ಲ.

ನನ್ನ ದೋಣಿಯ ಡೆಕ್‌ಗಳು ವಿಪರೀತ ಉದ್ದವಾಗಿವೆ. ಏಕೆ?

ಅದು ಬಹುಶಃ ಬಾಸ್ಟನ್ ಸಮೀಪದ ಚಾರ್ಲ್ಸ್ ನದಿಯ ಪ್ರಣಯ ವಿಹಾರಕ್ಕೆ ಕಟ್ಟಿದ ದೋಣಿ. 1897ರಲ್ಲಿ ಆಬರ್ನ್‌ಡೇಲ್‌ನಲ್ಲಿ ನೊರಂಬೆಗಾ ಉದ್ಯಾನ ತೆರೆದ ಮೇಲೆ ಆ ನದಿಯಲ್ಲಿ ರಜಾದಿನಗಳಲ್ಲಿ ಕೆನೂಗಳ ಸಂತೆಯೇ ನೆರೆಯುತ್ತಿತ್ತು. ಯುವತಿ ಮೆತ್ತೆಗಳಿಗೆ ಒರಗಿ ಯುವಕನತ್ತ ಮುಖ ಮಾಡಿ ಕೂರುವಂತೆ ಒಳಗೆ ಜಾಗ, ಎರಡು ತುದಿಗಳಲ್ಲಿ ಮಹಾಗನಿಯ ಉದ್ದ ಡೆಕ್, ಅದರ ಅಂಚಿಗೆ ಬಗ್ಗಿಸಿದ ಮರದ ಕಟ್ಟೆ, ಅನುಕೂಲಸ್ಥರ ದೋಣಿಯಲ್ಲಿ ಗ್ರಾಮೊಫೋನ್ ಕೂಡ. ದೋಣಿಯಲ್ಲಿ ಜೋಡಿಗಳ ನಡತೆಯ ಮೇಲೆ ಕಣ್ಣಿಡಲು ಉದ್ಯಾನ ಪೊಲೀಸರು ಗಸ್ತು ತಿರುಗುತ್ತಿದ್ದ ಕಾಲವದು. ಈ ದೋಣಿಗಳು ಸಂಗ್ರಾಹಕರಿಗೆ ಅಚ್ಚುಮೆಚ್ಚು, ಆದರೆ ಭಾರ ಹೊತ್ತು ಕಾಡಿನ ಹೊಳೆಗಳಲ್ಲಿ ಹೋಗುವುದಕ್ಕೆ ಹೇಳಿಸಿದವಲ್ಲ. ಅದಕ್ಕೆ ಮೇಯ್ನ್ ಮಾರ್ಗದರ್ಶಿಗಳು ಮೆಚ್ಚಿದ ವೈಟ್ ಕಂಪನಿಯ ಇಪ್ಪತ್ತಡಿಯ ದೋಣಿಯನ್ನೋ ಚೆಸ್ಟ್‌ನಟ್‌ನ ಪ್ರಾಸ್ಪೆಕ್ಟರ್ ಮಾದರಿಯನ್ನೋ ನೋಡಬೇಕು.

ಕೊಳ್ಳುವ ಮುನ್ನ ಏನನ್ನು ಪರೀಕ್ಷಿಸಬೇಕು?

ಹರಿದ ಕ್ಯಾನ್ವಾಸ್, ಕಿತ್ತ ಬಣ್ಣ, ಹರಿದ ಬೆತ್ತ ಇವುಗಳಿಂದ ಹೆದರಬೇಡಿ, ಇವು ಬೆಲೆ ಇಳಿಸುವುದಕ್ಕೆ ಅನುಕೂಲವಾದ ಕುಂದುಗಳು. ಒಂದೆರಡು ಮುರಿದ ಪಕ್ಕೆಲುಬುಗಳನ್ನೂ ಬದಲಾಯಿಸಬಹುದು. ಚಿಂತಿಸಬೇಕಾದದ್ದು ತುದಿಗಳ ಬಗ್ಗೆ. ಸ್ಟೆಮ್‌ನ ಮೇಲ್ತುದಿ, ಡೆಕ್, ಒಳ ಅಂಚುಪಟ್ಟಿಯ ಕೊನೆ ಒಂದೆಡೆ ಸೇರುವ ಮೂಲೆಯಲ್ಲಿ ತರಗೆಲೆ ಮತ್ತು ತೇವ ನಿಂತು ಕೊಳೆತ ಮೊದಲಾಗುತ್ತದೆ. ಚಾಕುವಿನ ತುದಿಯಿಂದ ಮೆಲ್ಲಗೆ ಒತ್ತಿದರೆ ಗೊತ್ತಾಗುತ್ತದೆ. ನಂತರ ದೋಣಿಯ ಅಡಿಗೆರೆಯನ್ನು ಪಕ್ಕದಿಂದ ನೋಡಿ, ನಡುವೆ ಮೇಲಕ್ಕೆ ಉಬ್ಬಿದ್ದರೆ ವರ್ಷಗಟ್ಟಲೆ ತಪ್ಪಾಗಿ ಇರಿಸಿದ ದೋಣಿ ಅದು, ಅದನ್ನು ಸರಿಪಡಿಸುವುದು ಸುಲಭವಲ್ಲ. ಅಗ್ಗದ ಕೆಲವು ದೋಣಿಗಳಲ್ಲಿ ಹಿತ್ತಾಳೆಗೆ ಬದಲಾಗಿ ಉಕ್ಕಿನ ಮೊಳೆ ಬಳಸಿದ್ದು ಮರವೆಲ್ಲ ಕಪ್ಪು ಕಲೆಗಟ್ಟಿರುತ್ತದೆ. ಅಯಸ್ಕಾಂತವೊಂದು ಜೇಬಿನಲ್ಲಿರಲಿ.

ಕ್ಯಾನ್ವಾಸಿನ ಬದಲು ಫೈಬರ್‌ಗ್ಲಾಸ್ ಹಚ್ಚಿದರೆ ಗಟ್ಟಿಯಾಗುವುದಿಲ್ಲವೇ?

ದಯವಿಟ್ಟು ಬೇಡ. ಈ ಒಡಲು ಬಳುಕುವುದಕ್ಕೆಂದೇ ಕಟ್ಟಿದ್ದು. ಸೀಡರ್ ತೇವಕ್ಕೆ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ, ಮೇಲೆ ಅಂಟಿಸಿದ ಗಡಸು ಪದರ ಅದರೊಡನೆ ಚಲಿಸುವುದಿಲ್ಲ. ಕೆಲವು ವರ್ಷಗಳಲ್ಲಿ ಪದರ ಅಲ್ಲಲ್ಲಿ ಬಿಡುತ್ತದೆ, ನಡುವೆ ತೇವ ಸಿಕ್ಕಿಕೊಂಡು ಮರ ಕೊಳೆಯುತ್ತದೆ. ಮುಂದೊಂದು ದಿನ ಒಂದು ಪಕ್ಕೆಲುಬು ಬದಲಿಸಬೇಕೆಂದರೆ ಇಡೀ ಹೊದಿಕೆಯನ್ನು ಬಿಸಿಗಾಳಿಯ ಯಂತ್ರದಿಂದ ಕಾಯಿಸಿ ಕೀಳಬೇಕು, ಕೀಳುವಾಗ ತೆಳು ಹಲಗೆಯ ಚಕ್ಕೆಗಳೂ ಅದರೊಂದಿಗೆ ಬರುತ್ತವೆ. ಕ್ಯಾನ್ವಾಸಾದರೆ ಅಂಚಿನ ಮೊಳೆ ಕಿತ್ತೊಡನೆ ಅಂಗಿಯಂತೆ ಕಳಚಿಕೊಳ್ಳುತ್ತದೆ.

ಹೊಸ ಕ್ಯಾನ್ವಾಸ್ ಹಾಕುವುದು ಮನೆಯಲ್ಲಿ ಸಾಧ್ಯವೇ?

ತಾಳ್ಮೆ ಮತ್ತು ಇಬ್ಬರು ಗೆಳೆಯರಿದ್ದರೆ ಸಾಧ್ಯ. ಹತ್ತನೆಯ ಸಂಖ್ಯೆಯ ಹತ್ತಿ ಕ್ಯಾನ್ವಾಸನ್ನು ಉದ್ದಕ್ಕೆ ಮಡಚಿ, ಎರಡು ಗಟ್ಟಿ ಕಂಬಗಳ ನಡುವೆ ತೊಟ್ಟಿಲಿನಂತೆ ಕಟ್ಟಿ, ಹೊರ ಅಂಚುಪಟ್ಟಿ ಬಿಚ್ಚಿದ ದೋಣಿಯನ್ನು ಅದರೊಳಗೆ ಇಳಿಸಿ, ಬಟ್ಟೆಯನ್ನು ಎರಡು ತುದಿಗಳಿಂದ ಬಲವಾಗಿ ಎಳೆಯಬೇಕು. ಬಳಿಕ ದೋಣಿಯ ನಡುವಿನಿಂದ ಆರಂಭಿಸಿ ತುದಿಗಳತ್ತ ಸಾಗುತ್ತಾ ಪ್ರತಿ ಪಕ್ಕೆಲುಬಿನ ತಲೆಗೂ ಬಟ್ಟೆಯನ್ನು ಮೊಳೆಯಿಂದ ಬಿಗಿಯಬೇಕು. ಫಿಲ್ಲರನ್ನು ಕೈಗವಸು ತೊಟ್ಟು ನೇಯ್ಗೆಯೊಳಗೆ ತಿಕ್ಕಿ ನುಣುಪು ಮಾಡಿದ ಮೇಲೆ ಹಲವು ವಾರ ಒಣಗಲು ಬಿಡಬೇಕು. ಆತುರದಿಂದ ಬಣ್ಣ ಹಚ್ಚಿದರೆ ಅದು ಸುಕ್ಕುಗಟ್ಟುತ್ತದೆ. ಹಳೆಯ ಫಿಲ್ಲರ್ ಮತ್ತು ಬಣ್ಣಗಳಲ್ಲಿ ಸೀಸ ಇರುತ್ತಿತ್ತು, ಆದ್ದರಿಂದ ಹಳೆಯ ಹೊದಿಕೆಯನ್ನು ಒಣಗಿದ್ದಾಗ ಉಜ್ಜಿ ಧೂಳೆಬ್ಬಿಸಬಾರದು. ಮುಖವಾಡ ಕಡ್ಡಾಯ, ಮಕ್ಕಳು ಹತ್ತಿರವಿರಕೂಡದು. ಚೆನ್ನಾಗಿ ಹಾಕಿದ ಕ್ಯಾನ್ವಾಸ್ ಎರಡು ಮೂರು ದಶಕ ಬಾಳುತ್ತದೆ.

ಇಷ್ಟು ಹಳೆಯ ದೋಣಿಯನ್ನು ನೀರಿಗಿಳಿಸುವುದು ಸರಿಯೇ?

ಒಡಲು ಗಟ್ಟಿಯಾಗಿದ್ದರೆ ಖಂಡಿತ ಸರಿ, ಅದಕ್ಕೆಂದೇ ಅದನ್ನು ಕಟ್ಟಿದ್ದಾರೆ. ಅಲ್ಯುಮಿನಿಯಂ ದೋಣಿಯಲ್ಲಿ ಪ್ರತಿ ಅಲೆಯೂ ಡಬ್ಬಿ ಬಡಿದಂತೆ ಸದ್ದು ಮಾಡಿದರೆ, ಸೀಡರ್ ಒಡಲು ಆ ಸದ್ದನ್ನೆಲ್ಲ ನುಂಗುತ್ತದೆ. ಹದಿನಾರು ಹದಿನೇಳು ಅಡಿಯ ದೋಣಿ ಸುಮಾರು ಮೂವತ್ತರಿಂದ ಮೂವತ್ತೈದು ಕಿಲೊ ತೂಗುತ್ತದೆ, ಬಣ್ಣದ ಪದರಗಳು ಹೆಚ್ಚಿದಷ್ಟೂ ಅದರ ಭಾರವೂ ಹೆಚ್ಚುತ್ತದೆ.

ದೋಣಿ ಪೂರ್ತಿ ತೇಲುತ್ತಿರುವಾಗಲೇ ಹತ್ತಬೇಕು, ದಡ ಮುಟ್ಟುವ ಮುನ್ನವೇ ಮೊಣಕಾಲುದ್ದದ ನೀರಿನಲ್ಲಿ ಇಳಿಯಬೇಕು. ಅರ್ಧ ದಡದಲ್ಲಿ ಅರ್ಧ ನೀರಿನಲ್ಲಿರುವ ದೋಣಿಯೊಳಗೆ ಕಾಲಿಟ್ಟರೆ ಪಕ್ಕೆಲುಬು ಮುರಿಯುವುದು ಖಚಿತ. ಆಸನದ ಮೇಲೆ ಕೂರುವುದಕ್ಕಿಂತ ಅದರ ಅಂಚಿಗೆ ಒರಗಿ ಮಂಡಿಯೂರಿದರೆ ದೋಣಿ ಸ್ಥಿರವಾಗಿರುತ್ತದೆ. ಒಬ್ಬರೇ ಹೋಗುವಾಗ ದೋಣಿಯ ನಡುವಿಗೆ ಸರಿದು, ಹುಟ್ಟು ಹಾಕುವ ಪಕ್ಕಕ್ಕೆ ದೋಣಿಯನ್ನು ತುಸು ವಾಲಿಸಿ, ಪ್ರತಿ ಎಳೆತದ ಕೊನೆಯಲ್ಲಿ ಹುಟ್ಟನ್ನು ಹೊರಕ್ಕೆ ತಿರುಗಿಸಿ ದಿಕ್ಕು ಸರಿಪಡಿಸುವ ಕೆನಡಾದ ಶೈಲಿಯನ್ನು ಕಲಿತವರು ಮತ್ತೆ ಎರಡಲಗಿನ ಹುಟ್ಟಿನತ್ತ ನೋಡುವುದು ವಿರಳ. ಆಳವಿಲ್ಲದ ಹೊಳೆಯಲ್ಲಿ ಮೇಯ್ನ್‌ನವರು ನಿಂತು ಸ್ಪ್ರೂಸ್ ಮರದ ಉದ್ದನೆಯ ಗಳ ಹಿಡಿದು ದೋಣಿಯನ್ನು ಹೊನಲಿಗೆದುರಾಗಿ ನೂಕುತ್ತಾರೆ. ನೋಡಲು ಸೊಗಸು, ಕಲಿಯುವಾಗ ಮೈಯೆಲ್ಲ ಒದ್ದೆ. ಜೀವರಕ್ಷಕ ಅಂಗಿಯನ್ನು ದೋಣಿಯಲ್ಲಿ ಇಟ್ಟುಕೊಂಡರೆ ಸಾಲದು, ತೊಟ್ಟೇ ಇರಬೇಕು, ಏಕೆಂದರೆ ಆ ಸರೋವರಗಳ ನೀರು ವಸಂತದಲ್ಲೂ ಕೊರೆಯುತ್ತಿರುತ್ತದೆ.

ದಾರಿಯಲ್ಲಿ ಕ್ಯಾನ್ವಾಸ್ ಹರಿದರೆ?

ದೋಣಿಯನ್ನು ಮೇಲೆಳೆದು ಒಣಗಿಸಿ, ಹರಿದ ಅಂಚನ್ನು ಎತ್ತಿ ತೆಳು ಬಟ್ಟೆಯ ತುಂಡನ್ನು ಒಳಗೆ ತೂರಿಸಿ, ನೀರು ತಡೆಯುವ ಅಂಟು ಹಚ್ಚಿ ಒತ್ತಿ ಹಿಡಿಯಿರಿ. ಗಂಟೆಯೊಂದರಲ್ಲಿ ಮತ್ತೆ ಹೊರಡಬಹುದು. ತಳಕ್ಕೆ ಮೊದಲೇ ಅರಗಿನ ಲೇಪ ಹಚ್ಚಿಕೊಂಡು ಹೋಗುವ ಹಳೆಯ ಪದ್ಧತಿಯಿಂದ ಬಂಡೆಯ ಗೀರುಗಳೂ ಕಡಿಮೆಯಾಗುತ್ತವೆ.

ಒಳ್ಳೆಯ ಮಾದರಿಗಳನ್ನು ಎಲ್ಲಿ ನೋಡಬಹುದು?

ಪೀಟರ್‌ಬರೊದ ಕೆನೇಡಿಯನ್ ಕೆನೂ ಮ್ಯೂಸಿಯಂ 2024ರಲ್ಲಿ ಲಿಟಲ್ ಲೇಕ್ ದಂಡೆಯ ಹೊಸ ಕಟ್ಟಡಕ್ಕೆ ಬಂದಿದೆ. ಅಲ್ಲಿ ಆರುನೂರಕ್ಕೂ ಹೆಚ್ಚು ಕೆನೂ, ಕಯಾಕ್ ಮತ್ತಿತರ ದೋಣಿಗಳಿವೆ. ನ್ಯೂಯಾರ್ಕಿನ ಕ್ಲೇಟನ್‌ನಲ್ಲಿರುವ ಆಂಟಿಕ್ ಬೋಟ್ ಮ್ಯೂಸಿಯಂ ಮತ್ತು ಬ್ಲೂ ಮೌಂಟನ್ ಲೇಕ್‌ನ ಅಡಿರಾಂಡಾಕ್ ಸಂಗ್ರಹಾಲಯ ಕೂಡ ಒಂದು ದಿನಕ್ಕೆ ಯೋಗ್ಯ. ಕ್ಯಾಂಟನ್ ಊರಿನ ಜೆ. ಎಚ್. ರಶ್ಟನ್ ಅವರ ದೋಣಿಗಳನ್ನು ಕಂಡರೆ ಡೆಕ್ ಮತ್ತು ಸ್ಟೆಮ್‌ನ ಕೆಲಸವನ್ನು ಹತ್ತಿರದಿಂದ ಗಮನಿಸಿ.

ಚಳಿಗಾಲದಲ್ಲಿ ದೋಣಿಯನ್ನು ಹೇಗೆ ಇಡಬೇಕು?

ಒಳಗಿನ ಕಸ ತೆಗೆದು, ಒಣಗಿಸಿ, ಮಗುಚಿ, ಅಂಚುಪಟ್ಟಿಗಳ ಮೇಲೆ ಭಾರ ಬೀಳುವಂತೆ ಎರಡು ಅಡ್ಡ ಆಧಾರಗಳ ಮೇಲೆ, ತುದಿಗಳು ನೆಲ ಮುಟ್ಟದಂತೆ, ಗಾಳಿಯಾಡುವ ಸೂರಿನಡಿ ಇಡಿ. ಹೊರಗೇ ಇಡಬೇಕಾಗಿ ಬಂದರೆ ಪ್ಲಾಸ್ಟಿಕ್ ಹಾಳೆಯನ್ನು ದೋಣಿಗೆ ಬಿಗಿಯಾಗಿ ಸುತ್ತಬೇಡಿ. ಅದನ್ನು ಒಂದು ಕೋಲಿನ ಮೇಲೆ ಡೇರೆಯಂತೆ ಎತ್ತರಿಸಿ ಕಟ್ಟಿ, ಕೆಳಗೆ ಗಾಳಿ ಹಾಯಲಿ.